ಉಸಿರು ಬಿಟ್ಟಾಗಿನ ಅಳತೆ

ನನ್ನ ಅಣ್ಣ ಅರಣ್ಯ ರಕ್ಷಕನ ಕೆಲಸಕ್ಕಾಗಿ ಎರಡನೆಯ ಬಾರಿ ಮೈ ಅಳತೆ ಕೊಟ್ಟದ್ದು ಯಾವ ವರ್ಷ ಎಂಬ ಬಗ್ಗೆ ನಮ್ಮ ಮನೆಯಲ್ಲಿ ಬಹುಕಾಲ ಒಮ್ಮತವಿರಲಿಲ್ಲ. ಮೈಸೂರು ರಾಜ್ಯ ಇನ್ನೂ ಹಳೆಯ ಗಡಿಯೊಳಗೇ ಇದ್ದಾಗ ಎಂದು ಅವನು ಹೇಳುತ್ತಿದ್ದ. ಅದು ಸರಿಯಲ್ಲ. ಆ ದಿನ ಸಾಲಿನಲ್ಲಿ ಅವನ ಬೆನ್ನಿಗೆ ನಿಂತಿದ್ದವನು ಕೊಳ್ಳೇಗಾಲದ ಕಡೆಯವನು. ಕೊಳ್ಳೇಗಾಲ ತಾಲ್ಲೂಕು ಮದರಾಸಿನಿಂದ ಬಿಡುಗಡೆಯಾಗಿ ನಮ್ಮ ರಾಜ್ಯಕ್ಕೆ ಸೇರಿದ್ದು ೧೯೫೬ರ ನವೆಂಬರ್ ಒಂದರಂದು. ಅದಕ್ಕೆ ಮೊದಲು ಅವನು ಆ ಸಾಲಿಗೆ ಬರುವಂತೆಯೇ ಇರಲಿಲ್ಲ. ಇನ್ನು, ಅಳತೆ ಮುಗಿಸಿ ಬಂದವನಿಗೆ ಅಮ್ಮ ಬಡಿಸಿದ್ದು ಹಿದುಕಿದ ಬೇಳೆಯ ಸಾರು. ಹಸಿ ಅವರೆ ನಮ್ಮ ಹೊಲಗಳಲ್ಲಿ ಸಿಗುತ್ತಿದ್ದುದು ಸಂಕ್ರಾಂತಿಯ ಹಿಂದುಮುಂದಿನ ವಾರಗಳಲ್ಲಿ ಮಾತ್ರ. ಆದ್ದರಿಂದ ಅದು ೧೯೫೬ರ ಕೊನೆ ಅಥವಾ ೧೯೫೭ರ ಆರಂಭ. ಅದರ ಮುಂದಿನ ಚಳಿಗಾಲವಾಗಿರಲು ಸಾಧ್ಯವಿಲ್ಲ, ಏಕೆಂದರೆ ಆ ವೇಳೆಗೆ ಅವನು ವಯಸ್ಸಿನ ಮಿತಿಯನ್ನು ದಾಟಿದ್ದ. ಆ ಬಾರಿ ತಪ್ಪಿದ್ದರೆ ಇನ್ನೊಂದು ಬಾರಿ ಇರಲಿಲ್ಲ. ಅದು ನಮಗೆಲ್ಲರಿಗೂ ಗೊತ್ತಿತ್ತು.

ಆಗ ನಮ್ಮೂರು ಹೊಸಹಳ್ಳಿ ಇನ್ನೂ ಹಳ್ಳಿಯೇ ಆಗಿತ್ತು. ಉತ್ತರದಲ್ಲಿ ರಾಜಾಜಿನಗರದ ಹೊಸ ಮನೆಗಳು ಒಂದೊಂದಾಗಿ ಏಳುತ್ತಿದ್ದವು. ನಮ್ಮ ಹೊಲದ ಒಂದು ಮೂಲೆಗೂ ಸರ್ವೆಯವರು ಬಂದು ಕಲ್ಲು ನೆಟ್ಟು ಹೋಗಿದ್ದರು; ಅದನ್ನು ಕೀಳಿಸಲಾದೀತೇ ಎಂದು ಅಪ್ಪ ಕಂಡವರನ್ನೆಲ್ಲ ಕೇಳುತ್ತಿದ್ದರು. ಇವತ್ತಲ್ಲ ನಾಳೆ ಈ ಹೊಲವೂ ಬಡಾವಣೆಗೆ ಹೋಗುತ್ತದೆ, ಅಷ್ಟರೊಳಗೆ ಮನೆಯಲ್ಲಿ ಒಬ್ಬರಿಗಾದರೂ ಸರ್ಕಾರಿ ಕೆಲಸ ಆಗಿರಬೇಕು ಎಂಬುದು ಅಪ್ಪನ ನಿಲುವು. ಮಗಳಾದ ನಾನು ಇಂಟರ್‌ಮೀಡಿಯೆಟ್ ಓದುತ್ತಿದ್ದೆ, ಬಿಡುವಿನಲ್ಲಿ ಹೊಲಿಗೆ ತರಗತಿಗೂ ಹೋಗುತ್ತಿದ್ದೆ. ಅಣ್ಣ ಮಿಡ್ಲ್‌ಸ್ಕೂಲು ಮುಗಿಸಿ, ಬೆಳಿಗ್ಗೆ ಹೊಲ ಸಂಜೆ ಗರಡಿಮನೆ ಎಂದು ಬೆಳೆದವನು. ಹನ್ನೆರಡರ ವಯಸ್ಸಿಗೆ ಸಾಮು ಮಾಡಲು ಇಳಿದವನು ಇಪ್ಪತ್ತರ ಹೊತ್ತಿಗೆ ಸುತ್ತಲಿನ ಊರುಗಳ ಕುಸ್ತಿಗಳಲ್ಲಿ ಪೈಲ್ವಾನನೆಂದು ಕರೆಸಿಕೊಳ್ಳುತ್ತಿದ್ದ.

ಎರಡು ಬೇಸಿಗೆ ಅವನು ಕೆಂಗೇರಿಯ ಆಚೆಯ ಕಾಡಿನಲ್ಲಿ ತಾತ್ಕಾಲಿಕ ಬೆಂಕಿ ಕಾವಲುಗಾರನಾಗಿ ದುಡಿದಿದ್ದ. ಕಾಡೆಂದರೆ ಹೆಬ್ಬಂಡೆ, ಕುರುಚಲು, ಎದೆಮಟ್ಟದ ಒಣಹುಲ್ಲು. ಶಿವರಾತ್ರಿಯ ಹೊತ್ತಿಗೆ ಹುಲ್ಲು ಹಣ್ಣಾಗಿ, ಯಾರೋ ಎಸೆದ ಒಂದು ಬೀಡಿ ತುಂಡಿಗೆ ಗುಡ್ಡವೇ ಹೊತ್ತಿಕೊಳ್ಳುತ್ತಿತ್ತು. ಆದ್ದರಿಂದ ಬೇಸಿಗೆಗೆ ಮುಂಚೆಯೇ ಕಾಡಿನ ನಡುವೆ ಅಗಲವಾದ ಪಟ್ಟಿಯಂತೆ ಹುಲ್ಲು ಸವರಿ, ಎಲೆ ಗುಡಿಸಿ, ಬೆಂಕಿ ದಾಟದ ಹಾಗೆ ನೆಲವನ್ನು ಬೋಳು ಮಾಡುತ್ತಿದ್ದರು. ಅದಕ್ಕೆ ಬೆಂಕಿ ರೇಖೆ ಎನ್ನುತ್ತಿದ್ದರು. ಎಲ್ಲಾದರೂ ಹೊಗೆ ಕಂಡರೆ ಅಲ್ಲಿಯವರೆಗೆ ನಡೆದು ಹೋಗಿ, ಹಸಿ ಕೊಂಬೆಗಳಿಂದ ಬೆಂಕಿಯ ಪಕ್ಕೆಗೆ ಬಡಿಯುತ್ತ ಅದನ್ನು ರೇಖೆಯ ಕಡೆಗೆ ಕಿರಿದು ಮಾಡುವುದು ಕೆಲಸ. ನೀರು ಹಾಕುತ್ತೀರಾ ಎಂದು ನಾನೊಮ್ಮೆ ಕೇಳಿದ್ದಕ್ಕೆ, ಕುಡಿಯುವುದಕ್ಕೇ ಇರುವುದಿಲ್ಲ ಎಂದು ನಕ್ಕಿದ್ದ. ಆ ಕೆಲಸ ಅವನಿಗೆ ಹಿಡಿಸಿತ್ತು. ಕುಸ್ತಿಯ ಅಖಾಡದ ಹೊರಗೆ ಅವನು ಮನಸ್ಸಿಟ್ಟು ಮಾತನಾಡುತ್ತಿದ್ದ ವಿಷಯ ಅದೊಂದೇ.

ಖಾಯಂ ಆಗಬೇಕಾದರೆ ಮೈ ಪರೀಕ್ಷೆಯಲ್ಲಿ ಗೆಲ್ಲಬೇಕಿತ್ತು. ಆ ಕಾಲದ ನಿಯಮಾವಳಿಯ ಪ್ರತಿಗಾಗಿ ನಾನು ಮುಂದೆ ಹುಡುಕಿದೆ, ಸಿಗಲಿಲ್ಲ. ಆದ್ದರಿಂದ ಅಣ್ಣನ ಬಾಯಿಂದ ಕೇಳಿದ್ದನ್ನಷ್ಟೇ ಬರೆಯುತ್ತೇನೆ. ಎತ್ತರ ಇಷ್ಟು ಇರಬೇಕು. ಎದೆಯನ್ನು ಎರಡು ಸಲ ಅಳೆಯುತ್ತಿದ್ದರು: ಉಸಿರು ಪೂರ್ತಿ ಬಿಟ್ಟಾಗ ಒಮ್ಮೆ, ಪೂರ್ತಿ ತುಂಬಿಕೊಂಡಾಗ ಒಮ್ಮೆ. ಇವೆರಡರ ನಡುವೆ ಎರಡು ಅಂಗುಲದ ಅಂತರ ಕಡ್ಡಾಯ. ಹೊಗೆಯಲ್ಲಿ ಕೆಲಸ ಮಾಡುವವನಿಗೆ ಎದೆ ಎಷ್ಟು ದೊಡ್ಡದು ಎನ್ನುವುದಕ್ಕಿಂತ ಅದು ಎಷ್ಟು ಹಿಗ್ಗುತ್ತದೆ ಎನ್ನುವುದು ಮುಖ್ಯ ಎಂದು ವೈದ್ಯರು ವಿವರಿಸಿದ್ದರಂತೆ. ಇದರಲ್ಲಿ ಪಾಸಾದವರಿಗೆ ಮಾರನೆಯ ಬೆಳಿಗ್ಗೆ ದೂರದ ನಡಿಗೆ. ಅಳತೆಯಲ್ಲೇ ಬಿದ್ದವನಿಗೆ ನಡೆಯುವ ಅವಕಾಶವೂ ಇಲ್ಲ.

ಮೊದಲನೆಯ ಬಾರಿ, ಎಂದರೆ ಹಿಂದಿನ ಚಳಿಗಾಲದಲ್ಲಿ, ಅಣ್ಣ ಅಳತೆಯಲ್ಲೇ ಬಿದ್ದ. ಊರಿಗೆಲ್ಲ ದೊಡ್ಡ ಎದೆ ಯಾರದೆಂದರೆ ಮಕ್ಕಳೂ ಅವನತ್ತ ಕೈತೋರುತ್ತಿದ್ದರು. ಅಂಥವನು ಎದೆ ಸಾಲದೆ ಹಿಂದಕ್ಕೆ ಬಂದನೆಂಬ ಸುದ್ದಿ ಕೆಂಗೇರಿಯಿಂದ ಅವನಿಗಿಂತ ಮುಂಚೆಯೇ ಊರು ತಲುಪಿತ್ತು. ಅರಳಿಕಟ್ಟೆಯಲ್ಲಿ ಕುಳಿತವರು ಅವನು ಹಾದುಹೋದಾಗಲೆಲ್ಲ ತಮ್ಮ ತಮ್ಮ ಎದೆಯನ್ನು ಗೇಣಿನಲ್ಲಿ ಅಳೆದುಕೊಳ್ಳತೊಡಗಿದರು. ಅವನು ಕೆಲವು ದಿನ ಹಿತ್ತಲ ದಾರಿಯಿಂದಲೇ ಓಡಾಡಿದ.

ಅಂತರ ಅರ್ಧ ಅಂಗುಲವೂ ಬಂದಿಲ್ಲ ಎಂದು ಅಲ್ಲಿ ಹೇಳಿದ್ದರು. ಅಮ್ಮ ಇದನ್ನು ನಂಬಲಿಲ್ಲ. ಸರ್ಕಾರದ ಟೇಪು ಹಳೆಯದಾಗಿ ಎಳೆದುಕೊಂಡಿರಬೇಕು ಎಂದಳು. ನಾನು ಹೊಲಿಗೆಯ ಟೇಪು ತಂದು ನಡುಮನೆಯಲ್ಲಿ ಅವನನ್ನು ನಿಲ್ಲಿಸಿ ಅಳೆದೆ. ಎರಡು ಅಂಗುಲಕ್ಕಿಂತ ಹೆಚ್ಚೇ ಬಂತು. ಮರುದಿನ ಅಳೆದೆ, ಅಷ್ಟೇ. ಇದರಿಂದ ನಮ್ಮ ಮನೆಯಲ್ಲಿ ಒಂದು ತೀರ್ಮಾನ ಗಟ್ಟಿಯಾಯಿತು: ಅಣ್ಣನಿಗೆ ಅನ್ಯಾಯವಾಗಿದೆ. ಅಪ್ಪ ಯಾರದೋ ಮೂಲಕ ಮೇಲಿನವರಿಗೆ ಹೇಳಿಸಬೇಕೆಂದು ತಿರುಗಾಡಿದರು. ತಿಂಗಳುಗಟ್ಟಲೆ ನಾವು ಆ ತಪ್ಪು ದಾರಿಯಲ್ಲೇ ಇದ್ದೆವು.

ನಿಜ ತಿಳಿದದ್ದು ಆಕಸ್ಮಿಕವಾಗಿ. ದಸರಾ ಕಳೆದು ಒಂದು ಭಾನುವಾರ ನಾನು ಅವನಿಗೊಂದು ಅಂಗಿ ಹೊಲಿಯಲೆಂದು ಎದೆಯ ಸುತ್ತ ಟೇಪು ಹಿಡಿದಿದ್ದೆ. ಅಷ್ಟರಲ್ಲಿ ಗರಡಿಯ ಉಸ್ತಾದರು ಜಗುಲಿ ಹತ್ತಿ ಒಳಗೆ ಬಂದರು. ಅವರಿಗೆ ಆಗ ಅರವತ್ತರ ಆಸುಪಾಸು. ಬೀದಿಯಲ್ಲಿ ಅವರು ಎದುರಾದರೆ ಗರಡಿಯ ಹುಡುಗರು ನಿಂತಲ್ಲೇ ಬೆನ್ನು ನೆಟ್ಟಗೆ ಮಾಡುತ್ತಿದ್ದರು. ಟೇಪು ನನ್ನ ಬೆರಳುಗಳ ನಡುವೆ ತಾನಾಗಿ ಜಾರಿತು. ನಾನು ಅಂಕಿ ನೋಡಿದೆ. ಅಣ್ಣ ಉಸಿರು ತುಂಬಿಕೊಂಡಿರಲಿಲ್ಲ, ಉಸ್ತಾದರೊಡನೆ ಮಾತನಾಡುತ್ತಲೇ ಇದ್ದ. ಆದರೆ ಎದೆ ಎರಡು ಅಂಗುಲ ಮೇಲೇರಿ ಅಲ್ಲೇ ನಿಂತಿತ್ತು. ಉಸಿರು ಬಿಡು ಎಂದೆ. ಮೂಗಿನಿಂದ ಬಿಟ್ಟ, ಸದ್ದೂ ಕೇಳಿಸಿತು, ಎದೆ ಇಳಿಯಲಿಲ್ಲ. ಉಸ್ತಾದರು ಹೊರಟುಹೋದ ಮೇಲೆ ಹೇಳದೆಯೇ ಇಳಿಯಿತು.

ಹನ್ನೆರಡು ವರ್ಷದ ಸಾಮಿನಲ್ಲಿ ಅವನ ಮೈಗೆ ಹತ್ತಿದ ಮೊದಲ ಪಾಠ ಅದೇ ಆಗಿತ್ತು. ಎದುರಿಗೆ ಗಂಡಸು ನಿಂತರೆ ಎದೆ ತಗ್ಗಿಸಬಾರದು. ತಗ್ಗಿದರೆ ಮಣ್ಣಿಗಿಳಿಯುವ ಮೊದಲೇ ಸೋತಂತೆ. ಕೆಂಗೇರಿಯಲ್ಲಿ ಅಳೆಯುವವನು ಎದುರು ನಿಂತಾಗ ಅವನ ಎದೆ ಆಗಲೇ ತುಂಬಿಕೊಂಡಿತ್ತು. ಮತ್ತೆ ತುಂಬಲು ಜಾಗವೆಲ್ಲಿ? ಅವನಿಗೆ ಮಾತ್ರ ತಾನು ಉಸಿರು ಬಿಟ್ಟೇ ನಿಂತಿದ್ದೆ ಎಂಬ ನಂಬಿಕೆ. ನನ್ನೆದುರು, ಅಮ್ಮನೆದುರು ಆ ಎದೆ ಸಾಮಾನ್ಯ ಎದೆಯಾಗಿರುತ್ತಿತ್ತು. ಟೇಪುಗಳೆರಡೂ ಸರಿಯಾಗಿಯೇ ಇದ್ದವು.

ಇದನ್ನು ಅಣ್ಣನಿಗೆ ಒಪ್ಪಿಸಲು ಎರಡು ದಿನ ಹಿಡಿಯಿತು. ಒಪ್ಪಿದ ಮೇಲೆ ತಾನೇ ಉಸ್ತಾದರ ಬಳಿ ಹೋಗಿ, ಎದೆ ಇಳಿಸುವುದನ್ನು ಹೇಳಿಕೊಡಿ ಎಂದು ಕೇಳಿದ. ಅವರು ನೇರವಾಗಿ ನಮ್ಮ ಮನೆಗೆ ಬಂದು ನನ್ನನ್ನು ಕರೆದರು.

"ನಾನು ಹನ್ನೆರಡು ವರ್ಷ ಎತ್ತಿ ನಿಲ್ಸಿರೋ ಎದೇನ ನೀನು ಟೇಪ್ ಹಿಡ್ಕೊಂಡು ಇಳಿಸ್ತೀಯೇನಮ್ಮ?"

ಒಂದೇ ಒಂದು ಗಳಿಗೆಗೆ, ಆಮೇಲೆ ಎತ್ತಿಕೊಳ್ಳಲಿ ಎಂದು ನಾನು ಹೇಳಿದೆ. ಒಂದು ಗಳಿಗೆ ಇಳಿದರೆ ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ಹತ್ತುತ್ತದೆ, ಗೊತ್ತೇನು ಎಂದು ಕೇಳಿ, ಅಮ್ಮ ಕೊಟ್ಟ ಮಜ್ಜಿಗೆ ಕುಡಿದು ಹೋದರು. ಹೇಳಿಕೊಡುವುದಿಲ್ಲ ಎಂದರೇ ಹೊರತು ಕಲಿಯಬಾರದು ಎನ್ನಲಿಲ್ಲ. ಅಣ್ಣ ಅದನ್ನೇ ಅನುಮತಿಯೆಂದು ಹಿಡಿದ.

ಹೀಗೆ ತರಬೇತಿ ಎರಡು ಕವಲಾಯಿತು. ಬೆಳಕು ಹರಿಯುವ ಮುಂಚೆ ಎದ್ದು ಮೈಸೂರು ರಸ್ತೆ ಹಿಡಿದು ಕೆಂಗೇರಿಯವರೆಗೆ ನಡೆದು ವಾಪಸು ಬರುವುದು ಒಂದು. ಕುಸ್ತಿಯ ಮೈಗೆ ಅದು ಸುಲಭವಾಗಿರಲಿಲ್ಲ. ದಪ್ಪ ತೊಡೆಗಳು ಒಂದಕ್ಕೊಂದು ಉಜ್ಜಿ ಚರ್ಮ ಕೀಳುತ್ತಿತ್ತು. ಅಮ್ಮ ಹರಳೆಣ್ಣೆ ಹಚ್ಚುತ್ತಿದ್ದಳು. ತುಪ್ಪ, ಬಾದಾಮಿ ಹಾಲುಗಳನ್ನು ಅವನೇ ಬಿಟ್ಟ. ತಿಂಗಳೊಳಗೆ ಕತ್ತು ಸಣ್ಣದಾಯಿತು. ಗರಡಿಯ ಗೆಳೆಯರು ಅವನನ್ನು ಅಂಚೆ ಪೇದೆ ಎಂದು ಕರೆಯತೊಡಗಿದರು.

ಎರಡನೆಯದು ನನ್ನ ಪಾಲಿಗೆ ಬಂತು. ಹೊರಗಿನ ಗಂಡಸರ ಎದುರು ಅವನನ್ನು ನಿಲ್ಲಿಸಿ ಎದೆ ಇಳಿಸುವ ಅಭ್ಯಾಸ ಮಾಡಿಸಬೇಕಿತ್ತು. ಹೊರಗಿನ ಗಂಡಸರನ್ನು ಎಲ್ಲಿಂದ ತರುವುದು? ಅಮ್ಮ ಕ್ಷೌರಿಕನನ್ನು, ಎಮ್ಮೆಯ ದಲ್ಲಾಳಿಯನ್ನು, ಬಳೆಗಾರನನ್ನು, ದಾರಿಯಲ್ಲಿ ಹೋಗುತ್ತಿದ್ದವರನ್ನೆಲ್ಲ ಒಳಗೆ ಕರೆದಳು. ಅವರು ಗಂಭೀರವಾಗಿ ಎದುರು ನಿಲ್ಲುತ್ತಿದ್ದರು, ನಾನು ಅಳೆಯುತ್ತಿದ್ದೆ, ಎದೆ ಇಳಿಯುತ್ತಿರಲಿಲ್ಲ. ಬಳೆಗಾರನಂಥ ಸಣಕಲನ ಮುಂದೆಯೂ ಇಳಿಯಲಿಲ್ಲ. "ನನ್ನ ಕಂಡ್ರೂ ಇಷ್ಟು ಭಯಾನಾ ಪೈಲ್ವಾನ್ರೇ?" ಎಂದು ಅವನು ಕೇಳಿದಾಗ ಅಣ್ಣನಿಗೇ ನಗು ಬಂತು. ನಕ್ಕಾಗ ಎದೆ ಇಳಿಯಿತು, ನಗು ನಿಂತೊಡನೆ ಏರಿತು.

ಅದರಿಂದ ನನಗೊಂದು ಉಪಾಯ ಹೊಳೆಯಿತು. ಅಧಿಕಾರಿಗಳ ಎದುರು ನಗುವಂತಿಲ್ಲ, ಆದರೆ ಕೆಮ್ಮಬಹುದು. ಜೋರಾಗಿ ಎರಡು ಸಲ ಕೆಮ್ಮಿದರೆ ಎದೆ ಖಾಲಿಯಾಗಲೇಬೇಕು. ಆ ಕ್ಷಣದಲ್ಲಿ ಟೇಪು ಬಿದ್ದರೆ ಸಾಕು. ಪರೀಕ್ಷಿಸಿದೆವು. ದಲ್ಲಾಳಿಯ ಎದುರೂ ಫಲಿಸಿತು, ಕ್ಷೌರಿಕನ ಎದುರೂ ಫಲಿಸಿತು. ಮನೆಯಲ್ಲಿ ಎಲ್ಲರಿಗೂ ನೆಮ್ಮದಿಯಾಯಿತು.

ಪರೀಕ್ಷೆಯ ಹಿಂದಿನ ಸಂಜೆ ಉಸ್ತಾದರು ಬಂದರು. ಒಳಗೆ ಬರಲಿಲ್ಲ, ಜಗುಲಿಯ ಕೆಳಗೇ ನಿಂತು ಅಣ್ಣನಿಗೆ ಹೇಳಿದರು:

"ಹೋಗ್ಬಾ. ಗೆದ್ರೆ ನನ್ನ ಗರಡಿ ಹುಡ್ಗ. ಸೋತ್ರೆ ನಿನ್ ತಂಗಿ ಶಿಷ್ಯ."

ಮರುದಿನ ನಡೆದದ್ದಕ್ಕೆ ನಾನು ಪ್ರತ್ಯಕ್ಷ ಸಾಕ್ಷಿಯಲ್ಲ. ನನಗಿರುವುದು ಎರಡು ಹೇಳಿಕೆಗಳು: ಒಂದು ಅಣ್ಣನದು, ಇನ್ನೊಂದು ಕೊಳ್ಳೇಗಾಲದವನದು. ಆತ ಮುಂದೆ ಅಣ್ಣನ ಸಹೋದ್ಯೋಗಿಯಾಗಿ ಹಲವು ಸಲ ನಮ್ಮ ಮನೆಗೆ ಬಂದು ಉಂಡು ಹೋದವನು. ಎರಡೂ ಹೇಳಿಕೆಗಳು ಬಹುಪಾಲು ಹೊಂದುತ್ತವೆ.

ಕೆಂಗೇರಿಯ ಒಂದು ಬಂಗಲೆಯ ಅಂಗಳದಲ್ಲಿ ಅಳತೆ ನಡೆಯುತ್ತಿತ್ತು. ಅಳೆಯುವ ಪೇದೆಯೊಬ್ಬ, ಬರೆದುಕೊಳ್ಳುವ ಗುಮಾಸ್ತನೊಬ್ಬ, ಸ್ವಲ್ಪ ದೂರದಲ್ಲಿ ಕುರ್ಚಿಯ ಮೇಲೆ ವೈದ್ಯರು. ಅಣ್ಣನ ಸರದಿ ಬಂದಾಗ ಪೇದೆ ಟೇಪು ಸುತ್ತಿದ. ಅಣ್ಣ ಕೆಮ್ಮಿದ. ಚೆನ್ನಾಗಿ, ಜೋರಾಗಿ, ಎರಡು ಸಲ. ಪೇದೆ ಟೇಪು ಬಿಟ್ಟು ಒಂದು ಹೆಜ್ಜೆ ಹಿಂದೆ ಸರಿದ. ವೈದ್ಯರು ಕುರ್ಚಿಯಿಂದ ಎದ್ದು ನಿಂತರು. ಕ್ಷಯವೆಂದರೆ ಜನ ಪಕ್ಕದ ಬೀದಿಗೆ ಸರಿಯುತ್ತಿದ್ದ ಕಾಲ ಅದು. ಹೊಲಿಗೆ ತರಗತಿಯ ಹುಡುಗಿಗಾಗಲಿ ಪೈಲ್ವಾನನಿಗಾಗಲಿ ಅದು ಹೊಳೆದಿರಲಿಲ್ಲ.

"ಎಷ್ಟು ದಿನದಿಂದ ಈ ಕೆಮ್ಮು?"

"ಇವತ್ತಿಂದ ಸಾರ್."

"ಮನೇಲಿ ಯಾರಿಗಾದ್ರೂ ಎದೆ ಕಾಯಿಲೆ ಇದ್ಯಾ?"

ಇಲ್ಲವೆಂದ. ತಂಗಿ ಕೆಮ್ಮು ಎಂದಳು, ಅದಕ್ಕೇ ಕೆಮ್ಮಿದೆ ಎಂದು ಹೇಳುವುದಾದರೂ ಹೇಗೆ? ವೈದ್ಯರು ಅವನನ್ನು ಸಾಲಿನಿಂದ ಹೊರಗೆ ಕರೆದು, ಕಿವಿಗೆ ಸ್ಟೆತಾಸ್ಕೋಪು ಸಿಕ್ಕಿಸಿಕೊಂಡು, ಬೆನ್ನ ಮೇಲಿಟ್ಟು, ಒಂದು ಎರಡು ಎಂದು ಗಟ್ಟಿಯಾಗಿ ಎಣಿಸು ಎಂದರು. ಸಾಲಿನಲ್ಲಿದ್ದವರು ನೋಡುತ್ತಿದ್ದರು. ಅವರಲ್ಲಿ ಒಬ್ಬ, ಪೈಲ್ವಾನನಿಗೆ ಗಾಳಿ ಹೋಯಿತು ಎಂದು ಕೇಳಿಸುವಂತೆಯೇ ಹೇಳಿದ.

ಇಲ್ಲಿಂದ ಹೇಳಿಕೆಗಳು ಬೇರೆಯಾಗುತ್ತವೆ. ಗರಡಿಯಲ್ಲಿ ಬಸ್ಕಿ ಹೊಡೆಯುವಾಗ ಒಂದೇ ಉಸಿರಿನಲ್ಲಿ ಎಣಿಸುವ ರೂಢಿಯಂತೆ ತಾನು ಉಸಿರು ತೆಗೆಯದೆ ಎಣಿಸಿದೆ, ಸಾಕು ಎಂದು ವೈದ್ಯರು ಹೇಳಲೇ ಇಲ್ಲ, ಕೊನೆಗೆ ಎದೆಯಲ್ಲಿ ಗಾಳಿಯೇ ಉಳಿಯಲಿಲ್ಲ ಎಂದು ಅಣ್ಣ ಹೇಳುತ್ತಿದ್ದ. ಕೊಳ್ಳೇಗಾಲದವನು ಇದನ್ನು ಒಪ್ಪುವುದಿಲ್ಲ. ಹತ್ತರವರೆಗೂ ಎಣಿಸಿರಲಾರ ಎನ್ನುತ್ತಾನೆ. "ನಿಮ್ಮಣ್ಣನ ಮೊಕ ನೋಡ್ಬೇಕಾಗಿತ್ತು ಕನ ಅಕ್ಕ. ಗ್ವಾಡೆ ಕುಸ್ದಂಗೆ ಕುಸ್ದೋದ್ರು." ಅವನ ಪ್ರಕಾರ, ನಿಜವಾಗಿಯೂ ತನಗೆ ಕ್ಷಯವಿರಬಹುದು, ಕೆಲಸ ಹೋಯಿತು, ಇದು ಕೊನೆಯ ಸಲ ಎಂಬ ಯೋಚನೆ ಬಂದೊಡನೆ ಅಣ್ಣನ ಭುಜ ಇಳಿಯಿತು, ಬೆನ್ನು ಬಾಗಿತು.

ಇಬ್ಬರೂ ಒಪ್ಪುವ ಭಾಗ ಇದು: ವೈದ್ಯರು ಕಿವಿಯಿಂದ ಕೊಳವೆ ತೆಗೆದು, ಇವನ ಎದೆಯಲ್ಲಿ ಏನೂ ಇಲ್ಲ, ದೇವಸ್ಥಾನದ ಗಂಟೆಯ ಹಾಗಿದೆ, ಅಲ್ಲೇ ಅಳೆಯಿರಿ ಎಂದು ಪೇದೆಗೆ ಹೇಳಿದರು. ಪೇದೆ ಅವನಿದ್ದ ಸ್ಥಿತಿಯಲ್ಲೇ ಟೇಪು ಸುತ್ತಿ ಅಂಕಿ ಕೂಗಿದ. ಆಮೇಲೆ ಉಸಿರು ತುಂಬು ಎಂದ. ಏನೂ ಇಲ್ಲ ಎಂಬ ಮಾತು ಕಿವಿಗೆ ಬಿದ್ದ ಸಂತೋಷಕ್ಕೆ ಅಣ್ಣ ಎಷ್ಟು ತುಂಬಿಕೊಂಡನೆಂದರೆ ಪೇದೆ ಟೇಪಿನ ತುದಿ ಕೈಬಿಟ್ಟು, ಮತ್ತೆ ಹಿಡಿದು ಅಳೆಯಬೇಕಾಯಿತು. ಅಂತರ ಬೇಕಾದಷ್ಟಿತ್ತು.

ಎರಡು ಹೇಳಿಕೆಗಳಲ್ಲಿ ಯಾವುದು ನಿಜವೆಂದು ನಿರ್ಣಯಿಸಲು ಮೂರನೆಯ ಸಾಕ್ಷಿಯಿಲ್ಲ. ನನ್ನ ಒಲವು ಕೊಳ್ಳೇಗಾಲದವನ ಕಡೆಗೆ. ನಾವು ಕರೆತಂದ ಯಾವ ಗಂಡಸೂ ಅಣ್ಣನಿಗೆ ಅಂಜಿಕೆ ಹುಟ್ಟಿಸುವವನಾಗಿರಲಿಲ್ಲ. ಆ ಅಂಗಳದಲ್ಲಿ ಅವನಿಗೆ ಗೆಲ್ಲಬೇಕಾದ ಎದುರಾಳಿ ಯಾರೂ ಉಳಿದಿರಲಿಲ್ಲ. ಕಳೆದುಕೊಳ್ಳಲು ಒಂದು ಕೆಲಸ ಮಾತ್ರ ಇತ್ತು.

ಅಂದು ಅವನು ಮನೆಗೆ ಬಂದು ಸಾರು ಮುದ್ದೆ ಉಂಡು ಮಲಗಿ, ಮಾರನೆಯ ಬೆಳಿಗ್ಗೆ ನಡಿಗೆಗೆ ಹೋದ. ಕೆಂಗೇರಿಯಿಂದ ಬಿಡದಿಯ ಕಡೆಗೆ ಹೋಗಿ, ಅಲ್ಲಿ ನಿಂತಿದ್ದ ಅರಣ್ಯ ಸಿಬ್ಬಂದಿಯಿಂದ ಕೈಗೆ ಮಸಿಯ ಗುರುತು ಹಾಕಿಸಿಕೊಂಡು, ಗೊತ್ತುಪಡಿಸಿದ ಹೊತ್ತಿನೊಳಗೆ ವಾಪಸು ಬರಬೇಕು. ಓಡುವಂತಿಲ್ಲ. ಹೋಗುವಾಗ ಅಣ್ಣ ಮುಂದಿನವರಲ್ಲಿದ್ದ. ಬರುವಾಗ ಬಿಸಿಲೇರಿತು, ಎಣ್ಣೆ ಹಚ್ಚಿದ್ದರೂ ತೊಡೆಯ ಚರ್ಮ ಹರಿಯಿತು, ಒಬ್ಬೊಬ್ಬರಾಗಿ ಅವನನ್ನು ದಾಟಿದರು. ಹಿಂದಿನ ದಿನ ಗಾಳಿ ಹೋಯಿತೆಂದಿದ್ದವನು ಸೇತುವೆಯೊಂದರ ಮೇಲೆ ಹೊಟ್ಟೆ ಹಿಡಿದು ಕುಳಿತುಬಿಟ್ಟಿದ್ದ. ಬೆಳಿಗ್ಗೆ ಹೊಟ್ಟೆ ತುಂಬ ಇಡ್ಲಿ ತಿಂದು ಬಂದಿದ್ದನಂತೆ. ಅವನನ್ನು ಕಂಡು ತಾನೂ ಕೂರಬೇಕೆಂದು ಅಣ್ಣನಿಗೆ ಅನ್ನಿಸಿತು. ಆಗ ಹಿಂದಿನಿಂದ ಬರಿಗಾಲಿನಲ್ಲಿ ಬಂದ ಕೊಳ್ಳೇಗಾಲದವನು ಮುಂದಕ್ಕೆ ದಾಟಿ, ತಿರುಗದೆಯೇ ಹೇಳಿದ:

"ಮೈಲಿಕಲ್ಲ ನೋಡ್ಬ್ಯಾಡಿ ಪೈಲ್ವಾನ್ರೇ. ನನ್ನ ಬೆನ್ನ ನೋಡ್ಕಂಡು ಬನ್ನಿ."

ಅಣ್ಣ ಆ ಬೆನ್ನನ್ನೇ ನೋಡುತ್ತ ಬಂದ. ಹೊತ್ತು ಮುಗಿಯುವ ಮುಂಚೆ ಬಂಗಲೆಯ ಗೇಟು ದಾಟಿದವರಲ್ಲಿ ಅವನು ಕೊನೆಯವರ ಪೈಕಿ. ಕೊನೆಯವನೇ ಎಂದು ಕೊಳ್ಳೇಗಾಲದವನು ವಾದಿಸುತ್ತಾನೆ.

ಆ ಸಂಜೆ ಅಮ್ಮ ಅವನ ಪಾದಗಳನ್ನು ಬಿಸಿನೀರಿನಲ್ಲಿ ಇಟ್ಟಿದ್ದಳು. ಉಸ್ತಾದರು ಬಂದು ಅವನನ್ನು ಆಪಾದಮಸ್ತಕ ನೋಡಿ, ಮೈ ಇಷ್ಟು ಇಳಿಸಿಕೊಂಡವನನ್ನು ಇನ್ನು ಕುಸ್ತಿಗೆ ಇಳಿಸುವಂತಿಲ್ಲ ಎಂದರು. ಅಣ್ಣ ತಲೆಯಾಡಿಸಿದ. ಅದು ಅವನಿಗೆ ನಡಿಗೆಯ ದಾರಿಯಲ್ಲೇ ಗೊತ್ತಾಗಿತ್ತು ಎಂದು ನನಗನ್ನಿಸುತ್ತದೆ. ಉಸ್ತಾದರು ಅವನ ಹೆಗಲ ಮೇಲೆ ಕೈಯಿಟ್ಟು ಎದ್ದು ಹೋದರು. ಅಪ್ಪ ಮೂಲೆಯಲ್ಲಿ ಹಗ್ಗ ಹೊಸೆಯುತ್ತಲೇ ಅಣ್ಣನನ್ನು ಕೇಳಿದರು:

"ಬೆಂಕಿ ಬಿದ್ರೆ ಓಡ್ಬೇಕಲ್ವೇನೋ? ಇವ್ರು ನಡೆಯೋದನ್ನ ಯಾಕೆ ನೋಡ್ತಾರೆ?"

"ಓಡಿದ್ರೆ ಬೆಂಕಿ ಹತ್ರ ಹೋಗೋ ಹೊತ್ಗೇ ಸುಸ್ತಾಗಿರ್ತೀವಿ ಅಪ್ಪ. ಕೆಲ್ಸ ಶುರುವಾಗೋದೇ ಅಲ್ಲಿಗೆ ಹೋದ್ಮೇಲೆ."

ಅಪ್ಪ ಹಗ್ಗದ ತುದಿ ಗಂಟು ಹಾಕಿ, ಹೊಲದ ಮೂಲೆಗೆ ನೆಟ್ಟ ಸರ್ವೆ ಕಲ್ಲಿನ ವಿಷಯ ಇನ್ನು ಯಾರನ್ನೂ ಕೇಳಲು ಹೋಗುವುದಿಲ್ಲ ಎಂದರು. ನೇಮಕದ ಆದೇಶ ಬಂದದ್ದು ಶಿವರಾತ್ರಿಗೆ ಮುಂಚೆ, ಮಾಗಡಿಯ ಆಚೆಯ ಕಾಡಿಗೆ. ಅಲ್ಲಿ ಬೆಂಕಿ ರೇಖೆ ಸವರುವ ಕೆಲಸ ಆಗಲೇ ಅರ್ಧವಾಗಿತ್ತು. ಅಣ್ಣ ಹಬ್ಬಕ್ಕೆ ಉಳಿಯಲಿಲ್ಲ.